ಚಿನ್ನದ ನೀರು ಕೊಟ್ಟ ಸ್ವಿಚ್ಚುಗಳು

ಕಡೂರಿನ ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಕೋಣೆಗಳಿದ್ದವು. ಬೀದಿಗೆ ತೆರೆಯುವ ಕೋಣೆಯಲ್ಲಿ ಪಿನ್‌ಬಾಲ್ ಮಿಷನ್ನು, ನಡುವಿನದರಲ್ಲಿ ಅವ್ವನ ಮಂಚ, ಕೊನೆಯದರಲ್ಲಿ ಒಲೆ ಮತ್ತು ನಾನು. ಅಪ್ಪ ಬೇರೆ ಊರಿನ ಒಂದು ಕ್ಲಬ್ಬಿನಲ್ಲಿ ವೈರ್‌ಮನ್ ಆಗಿದ್ದ. ಕ್ಲಬ್ಬು ಮುಚ್ಚಿದಾಗ ಅಲ್ಲಿ ಯಾರಿಗೂ ಬೇಡವಾಗಿದ್ದ ಆ ಮಿಷನ್ನನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು, ಬಾಗಿಲಿನ ಚೌಕಟ್ಟು ಕಿತ್ತು ಒಳಗೆ ಇಳಿಸಿದ. ರೈಲು ತಡವಾದಾಗ ಸ್ಟೇಷನ್ನಿನಿಂದ ಜನ ನಡೆದು ಬಂದು ಆಡುತ್ತಿದ್ದರು. ನಮ್ಮ ಬೀದಿಯವರು ಅದನ್ನು ಗುಂಡಿನ ಮಿಷನ್ ಎನ್ನುತ್ತಿದ್ದರು. ಮಂಚದಷ್ಟು ಉದ್ದದ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಇಳಿಜಾರಾದ ಬಣ್ಣದ ಹಲಗೆ. ಸ್ಪ್ರಿಂಗಿನ ಹಿಡಿಕೆ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಚಿಮ್ಮಿ, ಅಲ್ಲಿ ಇಲ್ಲಿ ಬಡಿದು, ಗಂಟೆ ಬಾರಿಸಿ, ದೀಪ ಹೊತ್ತಿಸಿ ಕೆಳಗೆ ಉರುಳುತ್ತಿತ್ತು. ಎರಡೂ ಪಕ್ಕದ ಗುಂಡಿ ಒತ್ತಿದರೆ ಎರಡು ರೆಕ್ಕೆಗಳು ಎದ್ದು ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತಿದ್ದವು. ಆ ಸದ್ದಿನೊಳಗೇ ನಾನು ಅಕ್ಕಿ ಆರಿಸಿದ್ದು, ಅವ್ವನ ಕಾಲು ಒತ್ತಿದ್ದು, ದೊಡ್ಡವಳಾಗಿದ್ದು.

ಅವ್ವನಿಗೆ ಕೀಲುಗಳು ಊದಿಕೊಂಡು ನಡೆಯಲಾಗದೆ ಹೋದ ವರ್ಷ ನನ್ನನ್ನು ಆರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ತಮ್ಮ ಲೋಕಿ ನನಗಿಂತ ಎರಡು ವರ್ಷ ಚಿಕ್ಕವನು, ಅವನು ಹೋಗುತ್ತಿದ್ದ. ಅದಕ್ಕೆ ನನಗೆ ಅಷ್ಟೊಂದು ಬೇಸರವಿರಲಿಲ್ಲ. ಶಾಲೆಯಲ್ಲಿ ನಾನು ಹೇಳಿಕೊಳ್ಳುವಂಥ ಹುಡುಗಿಯೇನಲ್ಲ. ಬೇಸರವಿದ್ದದ್ದು ಮಿಷನ್ನಿನ ವಿಷಯದಲ್ಲಿ. ವಾರಕ್ಕೊಮ್ಮೆ ಅಪ್ಪ ಗಾಜು ಜಾರಿಸಿ ತೆಗೆದು, ಹಲಗೆಯನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸುತ್ತಿದ್ದ. ಅದರ ಅಡಿಯಲ್ಲಿ ಬೇರೆಯೇ ಒಂದು ಊರಿತ್ತು. ಬಣ್ಣ ಬಣ್ಣದ ವೈರು, ತಾಮ್ರದ ಸುರುಳಿ, ಎಲ್ಲೆಲ್ಲೂ ಜೋಡಿ ಜೋಡಿ ತಗಡಿನ ಪಟ್ಟಿ. ಲೋಕಿ ಮುಂದೆ ಕೂತು ನೋಡುತ್ತಿದ್ದ. ನನಗೆ ಗಾಜು ಒರೆಸುವ ಕೆಲಸ. ಗಾಜನ್ನು ಒಲೆಯ ಕೋಣೆಗೆ ತಂದು ಒದ್ದೆ ಬಟ್ಟೆ, ಒಣ ಬಟ್ಟೆ ಎರಡರಲ್ಲೂ ಒರೆಸಿ ಗೋಡೆಗೆ ಒರಗಿಸುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಪಾಠ ಮುಗಿದಿರುತ್ತಿತ್ತು. ತುಣುಕು ತುಣುಕಾಗಿ ಕಿವಿಗೆ ಬಿದ್ದಷ್ಟೇ ನನ್ನ ಪಾಲು.

"ಇದಕ್ಕೆ ಕಣ್ಣಿಲ್ಲ ಕಣೋ ಲೋಕಿ, ಬರೀ ನಾಲಗೆ. ಗುಂಡು ಬಂದು ಒತ್ತಿದಾಗ ಈ ಎರಡು ಪಟ್ಟಿ ಒಂದಕ್ಕೊಂದು ತಾಕ್ತವೆ. ತಾಕಿದ್ರೆ ಮಿಷನ್ನಿಗೆ ಗೊತ್ತಾಯ್ತು. ತಾಕ್ಲಿಲ್ಲ ಅಂದ್ರೆ ಗುಂಡು ಅಲ್ಲಿಗೆ ಬಂದೇ ಇಲ್ಲ ಅನ್ಕೊಳ್ತದೆ."

"ಯಾವಾಗ್ಲೂ ತಾಕ್ಕೊಂಡೇ ಇದ್ರೆ ಅಪ್ಪ?"

"ಸುಮ್ ಸುಮ್ನೆ ಗಂಟೆ ಹೊಡೀತಾ ಕೂರ್ತದೆ, ನಿಮ್ಮ ಅಜ್ಜಿ ಥರ."

ಒಂದು ವಿಷಯ ಮಾತ್ರ ಅಪ್ಪ ಮನೆಯವರೆಲ್ಲರಿಗೂ ಕಲಿಸಿದ್ದ. ಮಿಷನ್ನಿನೊಳಗೆ ಕೈ ಹಾಕುವವರು ಮೊದಲು ಗೋಡೆಯ ಮೇಲಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಫ್ಯೂಸು ಜೇಬಿನಲ್ಲಿರುವ ತನಕ ಮನೆಯಲ್ಲಿ ದೀಪವೂ ಇಲ್ಲ. ಅವ್ವ ನಡುಮನೆಯಿಂದ ಬಯ್ಯುತ್ತಿದ್ದಳು, ಅಪ್ಪ ಕೇಳುತ್ತಿರಲಿಲ್ಲ. ಇನ್ನೊಂದು ಪದ್ಧತಿ ಲಗ್ನಪತ್ರಿಕೆಯದು. ಸ್ವಿಚ್ಚಿನ ತುದಿಗೆ ಧೂಳು ಕೂತರೆ ಎರಡು ಪಟ್ಟಿಗಳ ನಡುವೆ ದಪ್ಪ ಕಾಗದವೊಂದನ್ನು ತೂರಿಸಿ, ಮೆಲ್ಲಗೆ ಒತ್ತಿ ಹಿಡಿದು, ಎಳೆಯಬೇಕು. ಅದಕ್ಕೆ ಲಗ್ನಪತ್ರಿಕೆಗಿಂತ ಒಳ್ಳೆಯದಿಲ್ಲ ಎನ್ನುವುದು ಅಪ್ಪನ ಅನುಭವ. ಬೀದಿಯವರು ತಮ್ಮ ಮನೆಗೆ ಬಂದ ಪತ್ರಿಕೆಗಳನ್ನೆಲ್ಲ ನಮಗೆ ತಂದುಕೊಡುತ್ತಿದ್ದರು. ಅರಿಶಿನ ಹಚ್ಚಿದ ನಾಲ್ಕು ಮೂಲೆಗಳನ್ನು ಅವ್ವ ಮಂಚದ ಮೇಲೆ ಕೂತು ಕತ್ತರಿಸಿ ತೆಗೆಯುತ್ತಿದ್ದಳು. ಅರಿಶಿನ ಸ್ವಿಚ್ಚಿಗೆ ತಗಲಬಾರದು. ಯಾರ ಮದುವೆಗೂ ಹೋಗಲಾಗದ ಅವ್ವ ಆ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ, ಹೆಣ್ಣಿನ ಕಡೆಯವರು ಯಾವ ಊರು, ಛತ್ರ ಎಲ್ಲಿ ಎಂದು ನನಗೆ ಹೇಳಿ, ಆಮೇಲೆ ಕತ್ತರಿಸುತ್ತಿದ್ದಳು.

ಮಲಗಿದಲ್ಲಿಂದಲೇ ಅವ್ವನಿಗೆ ಮಿಷನ್ನಿನ ಸ್ಥಿತಿ ಗೊತ್ತಾಗುತ್ತಿತ್ತು. ಗುಂಡು ಯಾವ ದಾರಿಯಲ್ಲಿ ಉರುಳಿತು, ಯಾವ ಗಂಟೆ ಹೊಡೆಯಬೇಕಿತ್ತು, ಹೊಡೆಯಲಿಲ್ಲ, ಎಲ್ಲವೂ ಕಿವಿಯಲ್ಲೇ.

"ಎಡಗಡೆ ಮೂರನೇದು ಮೂಗಿ ಆಗೈತೆ, ನೋಡ್ರೀ," ಎನ್ನುತ್ತಿದ್ದಳು. ಅಪ್ಪ ಹಲಗೆ ಎತ್ತಿ ನೋಡಿದರೆ ಎಡಗಡೆಯ ಮೂರನೆಯ ಸ್ವಿಚ್ಚಿನ ಪಟ್ಟಿಯೇ ಬಾಗಿರುತ್ತಿತ್ತು.

ಅವ್ವನ ಕಿವಿ, ಅಪ್ಪನ ಬುದ್ಧಿ ಎರಡೂ ಸೇರಿ ಲೋಕಿಯ ಬೆರಳಿಗೆ ಬಂದಿತ್ತು. ಹನ್ನೆರಡು ವರ್ಷದ ಹುಡುಗ ಪಟ್ಟಿಯನ್ನು ಬೆರಳಿನಿಂದ ತಟ್ಟಿ, ಕಣ್ಣು ಮುಚ್ಚಿ, ಇದು ಪತ್ರಿಕೆಯ ದಪ್ಪಕ್ಕಿಂತ ಜಾಸ್ತಿ ದೂರ ಇದೆ ಎನ್ನುತ್ತಿದ್ದ. ಪತ್ರಿಕೆ ಇಟ್ಟು ನೋಡಿದರೆ ಹಾಗೇ ಇರುತ್ತಿತ್ತು. ಸಂಜೆ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಲ್ಲಿನ ಸಾರಿನಲ್ಲಿ ಬೆರಳಾಡಿಸಿ ವೈರು ಹೋಗುವ ದಾರಿ ಬರೆದು ತೋರಿಸುತ್ತಿದ್ದ, ಲೋಕಿ ತನ್ನ ತಟ್ಟೆಯಲ್ಲಿ ಉತ್ತರ ಬರೆಯುತ್ತಿದ್ದ. ಮುದ್ದೆ ಆರಿಹೋಗುತ್ತಿತ್ತು. ತಿರುವಿ ಕಟ್ಟಿದವಳು ನಾನು, ಅದರ ಬಗ್ಗೆ ಒಂದು ಮಾತಿಲ್ಲ. ಬೀರೂರಿನಲ್ಲಿ ಒಬ್ಬ ರೇಡಿಯೋ ರಿಪೇರಿ ಮೇಷ್ಟ್ರಿದ್ದರು. ಅಪ್ಪನಿಗೆ ಪರಿಚಯ. ಬೇಸಿಗೆ ರಜೆಯಿಂದ ಲೋಕಿಯನ್ನು ಅವರ ಹತ್ತಿರ ಬಿಡುವುದೆಂದು ಮಾತಾಗಿತ್ತು. ಲೋಕಿ ಆ ಮಾತನ್ನು ದಿನಕ್ಕೊಮ್ಮೆ ಎತ್ತುತ್ತಿದ್ದ. ನನಗೆ ಹೊಟ್ಟೆಯುರಿ. ಆ ಪದವನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಆ ಸಲದ ಆಯುಧಪೂಜೆಗೆ ಎರಡು ದಿನ ಮುಂಚೆ ಅಪ್ಪ ಲೋಕಿಯ ಕೈಗೆ ಮೊದಲ ಬಾರಿ ಲೋಹ ಉಜ್ಜುವ ಅರ ಕೊಟ್ಟ. ರೆಕ್ಕೆಗಳ ಸ್ವಿಚ್ಚು ದಪ್ಪ, ಅದರಲ್ಲಿ ಕರೆಂಟು ಜಾಸ್ತಿ ಹರಿಯುತ್ತದೆ, ತುದಿ ಸುಟ್ಟು ಕಪ್ಪಾಗುತ್ತದೆ. ಅದನ್ನು ಅರದಿಂದ ಎರಡೇ ಎರಡು ಸಲ ಎಳೆಯಬೇಕು. ಲೋಕಿ ಉಸಿರು ಬಿಗಿಹಿಡಿದು ಎಳೆದ. ಮರುದಿನ ಬೆಳಿಗ್ಗೆ ಅಪ್ಪ ಬಲ್ಬು ತರಲು ಅವನನ್ನೂ ಕರೆದುಕೊಂಡು ತರೀಕೆರೆಯ ಬಸ್ಸು ಹತ್ತಿದ. ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ.

"ಸರೋಜಿ, ನಾಳೆ ಹಬ್ಬ. ಮನೇಲಿರೋದೆಲ್ಲ ಫಳಫಳ ಅನ್ಬೇಕು ಕಣಮ್ಮ."

ನಾನು ದೀಪದ ಕಂಬ, ತಂಬಿಗೆ, ಹಂಡೆ ಎಲ್ಲವನ್ನೂ ಹುಣಸೆಹಣ್ಣು ಹಾಕಿ ಉಜ್ಜಿದೆ. ಅಪ್ಪನ ಸ್ಕ್ರೂಡ್ರೈವರು, ಇಕ್ಕಳ ಒರೆಸಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಮಿಷನ್ನು. ಅವ್ವ ಮಲಗಿದ್ದಳು. ನಾನು ಫ್ಯೂಸು ಕಿತ್ತು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗಾಜು ತೆಗೆದು, ಗುಂಡು ಎತ್ತಿಟ್ಟು, ಹಲಗೆಯನ್ನು ಹೆಗಲು ಕೊಟ್ಟು ಎತ್ತಿ ಕೋಲು ನಿಲ್ಲಿಸಿದೆ. ಮೊದಲ ಸಲ ಅದರ ಮುಂದೆ ಒಬ್ಬಳೇ ನಿಂತಿದ್ದೆ. ಮೇಲಿನ ಸಾಲಿನ ತೆಳು ಸ್ವಿಚ್ಚುಗಳ ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆಗಳಿದ್ದವು. ಮಂಕು ಹಳದಿ. ತೊಳೆಯದ ಹಿತ್ತಾಳೆಯ ಬಣ್ಣ. ನನಗೆ ಕಂಡದ್ದು ಅಷ್ಟೇ. ಹಿತ್ತಾಳೆ ಮಂಕಾದರೆ ಏನು ಮಾಡಬೇಕೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಪೆಟ್ಟಿಗೆಯಲ್ಲಿ ಉಪ್ಪುಕಾಗದದ ಚೂರಿತ್ತು, ಮರ ಉಜ್ಜುವ ಒರಟು ಕಾಗದ. ಬೆರಳು ತೂರದ ಜಾಗ. ತೆಂಗಿನ ಪೊರಕೆಯ ಒಂದು ಕಡ್ಡಿ ಮುರಿದು, ಅದರ ತುದಿಗೆ ಕಾಗದ ಸುತ್ತಿ, ಒಂದೊಂದಾಗಿ ಉಜ್ಜಿದೆ. ಹನ್ನೊಂದು ಸ್ವಿಚ್ಚು. ಹಳದಿ ಹೋಗಿ ಬಿಳಿ ಬಂತು. ಪ್ರತಿಯೊಂದೂ ಬೆಳ್ಳಿಯಂತೆ ಹೊಳೆಯುವ ತನಕ ಬಿಡಲಿಲ್ಲ. ಕಡ್ಡಿ ಮಧ್ಯದಲ್ಲಿ ಮುರಿದು ಒಂದು ತುಂಡು ಎಲ್ಲೋ ಬಿತ್ತು, ಹುಡುಕಲಿಲ್ಲ. ಅಷ್ಟು ಖುಷಿಯಲ್ಲಿದ್ದೆ. ಅಪ್ಪ ಬಂದು ಇದು ಯಾರು ಮಾಡಿದ್ದು ಎಂದು ಕೇಳುವುದನ್ನು, ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುವುದನ್ನು ಮನಸ್ಸಿನಲ್ಲೇ ಆಡಿಕೊಂಡೆ.

ಹಬ್ಬದ ಬೆಳಿಗ್ಗೆ ಮಿಷನ್ನಿಗೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದು, ಕುಂಬಳಕಾಯಿ ಒಡೆದರು. ಅವ್ವನನ್ನು ಮಂಚದ ಸಮೇತ ಬಾಗಿಲ ಬಳಿ ಎಳೆದಿದ್ದೆವು. ಮೊದಲ ಗುಂಡು ಆಡುವುದು ಅವಳೇ. ಅಪ್ಪ ಅವಳನ್ನು ಎತ್ತಿ ಹಿಡಿದು ನಿಲ್ಲಿಸಿದ, ಅವಳ ಸೊಟ್ಟ ಬೆರಳುಗಳ ಮೇಲೆ ತನ್ನ ಕೈ ಇಟ್ಟು ಹಿಡಿಕೆ ಎಳೆದ. ಗುಂಡು ಮೇಲೆ ಹೋದದ್ದೇ ಎಲ್ಲ ಗಂಟೆಗಳೂ ಹೊಡೆದವು. ಒಂದೂ ತಪ್ಪಲಿಲ್ಲ. ಅಪ್ಪನ ಮುಖ ಅರಳಿತು.

"ಏನ್ಲಾ ಲೋಕಿ, ಮೇಲಿನ್ ಸಾಲು ಇವತ್ತು ಹಿಂಗ್ ಮಾತಾಡ್ತೈತೆ? ಅವನ್ನೂ ನೀನೇ ಕ್ಲೀನ್ ಮಾಡಿದ್ದೇನೋ ಮೊನ್ನೆ?"

ಲೋಕಿ ಒಂದು ಗಳಿಗೆ ಅಪ್ಪನ ಮುಖ ನೋಡಿದ. ಆಮೇಲೆ ಹೂಂ ಎಂದ. ಅಪ್ಪ ಅವನ ತಲೆ ಸವರಿದ. ಆ ಹೂಂ ಸುಳ್ಳೋ, ಮೊನ್ನೆ ಪತ್ರಿಕೆ ಎಳೆದದ್ದೆಲ್ಲ ಅವನಿಗೆ ಒಟ್ಟಾಗಿ ನೆನಪಿಗೆ ಬಂದಿತೋ ಗೊತ್ತಿಲ್ಲ. ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕಪಕ್ಕದವರು ಪ್ರಸಾದಕ್ಕೆ ಕೈ ನೀಡಿದರು, ಕಡಲೆ ಪುರಿ ಹಂಚಲು ನನ್ನನ್ನು ಕರೆದರು. ಒಳಗೆ ಹೋಗಿ ಪುರಿಯ ಡಬ್ಬ ನೆಲಕ್ಕೆ ಕುಕ್ಕಿದೆ. ನಾನು ಮಾಡಿದ ಕೆಲಸಕ್ಕೆ ಅಪ್ಪ ಅವನ ತಲೆ ಸವರಿದನಲ್ಲ ಎಂದು.

ಹದಿನೈದು ದಿನ ಕಳೆದಿರಲಿಲ್ಲ. ಹಿಂಗಾರು ಮಳೆ ಹಿಡಿದು ಗೋಡೆಯೆಲ್ಲ ತೇವವಾಗಿತ್ತು. ಒಂದು ಸಂಜೆ ಅವ್ವ ಮಲಗಿದಲ್ಲಿಂದ ಮೇಲಿನ ಸಾಲಿನ ಎರಡು ಮೂಗಿಯಾಗಿವೆ ಎಂದಳು. ಮರುದಿನ ನಾಲ್ಕು. ಪತ್ರಿಕೆ ಎಳೆದರೆ ಒಂದು ತಾಸು ಸರಿ ಇದ್ದು ಮತ್ತೆ ಸುಮ್ಮನಾಗುತ್ತಿದ್ದವು. ವಾರದೊಳಗೆ ಹನ್ನೊಂದೂ ಸತ್ತವು. ಗುಂಡು ಅವುಗಳ ಮೇಲೆ ಉರುಳಿ ಹೋಗುತ್ತಿತ್ತು, ಮಿಷನ್ನಿಗೆ ಅದು ಬಂದದ್ದೇ ತಿಳಿಯುತ್ತಿರಲಿಲ್ಲ. ಆಡುವವರು ಪೆಟ್ಟಿಗೆಗೆ ಗುದ್ದಿದರು. ಗುದ್ದಿದಾಗ ಒಳಗೆ ಉಂಗುರದ ನಡುವೆ ತೂಗುವ ಲೋಹದ ಲೋಲಕ ಅಲುಗಿ ಉಂಗುರಕ್ಕೆ ತಾಗಿ, ಆಟವೇ ನಿಂತುಹೋಗುತ್ತಿತ್ತು. ಮಿಷನ್ನು ಅಲುಗಾಡಿಸುವವರನ್ನು ಹಿಡಿಯಲು ಇಟ್ಟಿದ್ದ ಲೋಲಕ ಅದು. ಅಪ್ಪ ಬೀದಿ ಬಾಗಿಲು ಹಾಕಿ, ಹಲಗೆ ಎತ್ತಿ, ಅವ್ವನ ಕನ್ನಡಕ ಹಾಕಿಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಇಕ್ಕಳದಲ್ಲಿ ಏನನ್ನೋ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡ. ಅರ್ಧ ಬೆರಳುದ್ದದ ಪೊರಕೆ ಕಡ್ಡಿ.

"ಇಲ್ಲಿ ಬಾರೋ. ಇವನ್ನ ಯಾವುದ್ರಲ್ಲಿ ಉಜ್ಜಿದ್ದು?"

ಲೋಕಿ ಕಡ್ಡಿಯನ್ನೇ ನೋಡಿದ.

"ಅರ ಹಾಕಿದ್ದೆ ಅಲ್ವೇನೋ? ತೆಳು ಸ್ವಿಚ್ಚಿಗೆ ಚಿನ್ನದ ನೀರು ಕೊಟ್ಟಿರ್ತಾರೆ, ಅದಿದ್ರೆ ಕಿಲುಬು ಹಿಡಿಯಲ್ಲ, ಕಾಗದ ಬಿಟ್ಟು ಬೇರೇನೂ ಮುಟ್ಟಿಸ್ಬ್ಯಾಡ ಅಂತ ಎಷ್ಟ್ ಸಲ ಹೇಳಿದ್ದೆ? ಈ ಕಡ್ಡಿ ಯಾಕೆ ಬಂತಿಲ್ಲಿಗೆ? ಹೇಳೋ."

"ಗೊತ್ತಿಲ್ಲಪ್ಪ."

"ಉಜ್ಜಿದ್ದು ನೀನೇ ಅಂತ ಹಬ್ಬದ ದಿನ ಹೇಳ್ದೆ. ಕಡ್ಡಿ ಮಾತ್ರ ಗೊತ್ತಿಲ್ವಾ?"

ಅಪ್ಪ ಹೊಡೆದ. ನಾನು ನಡುಮನೆಯ ಬಾಗಿಲಲ್ಲಿ ಗಾಜು ಹಿಡಿದು ನಿಂತಿದ್ದೆ. ಚಿನ್ನದ ನೀರು ಎಂಬ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ನನ್ನ ತಪ್ಪು ಉಜ್ಜಿದ್ದಲ್ಲ. ಗೊತ್ತಿಲ್ಲದೆ ಉಜ್ಜಿದೆ. ಆ ಬಾಗಿಲಲ್ಲಿ ನಿಂತು ಗಾಜು ಕೆಳಗಿಡದೆ, ಬಾಯಿ ಬಿಡದೆ ಇದ್ದೆನಲ್ಲ, ಅದು ತಪ್ಪು. ಹಬ್ಬದ ದಿನ ಹೇಳಲು ತುದಿಗಾಲಲ್ಲಿ ನಿಂತಿದ್ದ ಮಾತನ್ನು ಅವತ್ತು ಹೇಳಲಿಲ್ಲ. ಇನ್ನೂ ಕೆಟ್ಟದ್ದನ್ನು ಹೇಳಬೇಕು. ಅವನು ಅಳುವುದನ್ನು ನೋಡಿ ಒಂದು ಗಳಿಗೆ, ಒಂದೇ ಗಳಿಗೆ, ನನಗೆ ಸಮಾಧಾನವಾಯಿತು.

ಅಪ್ಪ ಅವತ್ತು ಊಟ ಮಾಡಲಿಲ್ಲ. ಲೋಕಿಗೆ ಕೈ ಸರಿಯಿಲ್ಲ, ಹೇಳಿದ್ದು ನಿಲ್ಲುವುದಿಲ್ಲ, ಇಂಥವನನ್ನು ಮೇಷ್ಟ್ರ ಹತ್ತಿರ ಬಿಟ್ಟರೆ ತನ್ನ ಮುಖ ಉಳಿಯುವುದಿಲ್ಲ ಎಂದ. ಬೇಸಿಗೆಗೆ ಬೀರೂರು ಬೇಡ, ಅಜ್ಜಂಪುರದ ಮಾವನ ಈರುಳ್ಳಿ ಮಂಡಿಗೆ ಹೋಗಲಿ, ಮೂಟೆ ತೂಗುವುದಕ್ಕೆ ಬೆರಳು ಬೇಕಿಲ್ಲ ಎಂದ. ಮಾರನೆಯ ದಿನ ಅಪ್ಪ ಇಲ್ಲದಾಗ ಅವ್ವನ ತಲೆ ಬಾಚುತ್ತಿದ್ದೆ. ಅವಳು ಗೋಡೆ ನೋಡುತ್ತಲೇ ಮಾತಾಡಿದಳು.

"ಹಬ್ಬದ ಹಿಂದಿನ್ ದಿನ ಮಧ್ಯಾಹ್ನ ಸರ್ ಸರ್ ಅಂತ ಸದ್ದು ಬತ್ತಿತ್ತು. ನಾನು ನಿದ್ದೆ ಮಾಡಿರ್ಲಿಲ್ಲ."

ನನ್ನ ಕೈಯಲ್ಲಿ ಬಾಚಣಿಗೆ ನಿಂತಿತು.

"ನಾನ್ ಹೇಳಲ್ಲ ಸರೋಜಿ. ನೀನು ಹೇಳ್ಬೇಕಾದ್ದು ಅದು. ನಿಮ್ಮಪ್ಪ ಬಯ್ತಾರೆ, ಒಂದೇಟು ಹೊಡೀತಾರೆ. ಅಷ್ಟೇ ತಾನೆ?"

"ಹೇಳ್ತೀನವ್ವ," ಎಂದೆ.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ದಿನಾ ಸಂಜೆ ಅಪ್ಪ ಊಟಕ್ಕೆ ಕೂತಾಗ ನಡುಮನೆಯಲ್ಲಿ ಅವಳು ಮಗ್ಗುಲು ಬದಲಿಸಿ ಈ ಕಡೆ ತಿರುಗುವ ಸದ್ದು ಕೇಳಿಸುತ್ತಿತ್ತು. ಮಿಷನ್ನಿನ ಸದ್ದು ನಿಂತ ಮನೆಯಲ್ಲಿ ಅವಳಿಗೆ ಆಲಿಸಲು ಉಳಿದದ್ದು ನನ್ನ ಮಾತೊಂದೇ. ನಾನು ಸಾರು ಬಡಿಸುತ್ತಿದ್ದೆ. ಶಾಲೆ ರಜೆ ಬಂದ ವಾರ ಮಾವ ಬಂದು ಲೋಕಿಯನ್ನು ಕರೆದುಕೊಂಡು ಹೋದರು. ಅವನು ಚೀಲದಲ್ಲಿ ಮೂಲೆ ಕತ್ತರಿಸಿದ ಲಗ್ನಪತ್ರಿಕೆಗಳ ಒಂದು ಕಟ್ಟು ಇಟ್ಟುಕೊಂಡಿದ್ದ. ಅಪ್ಪ ನೋಡಿ, ಅದು ಯಾಕೆ ಎಂದು ತೆಗೆದಿಟ್ಟ. ಅವ್ವ ಮುಂದಿನ ಮಳೆಗಾಲ ಕಾಣಲಿಲ್ಲ. ಮಿಷನ್ನು ಹಳೇ ಸಾಮಾನಿನವರ ಪಾಲಾಯಿತು, ಬಾಗಿಲ ಚೌಕಟ್ಟು ಮತ್ತೊಮ್ಮೆ ಕಿತ್ತರು. ಅಂಥ ಚಿನ್ನದ ನೀರಿನ ಸ್ವಿಚ್ಚುಗಳು ಸಿಗುವ ಊರು ಯಾವುದೆಂದು ಅಪ್ಪನಿಗೆ ಕೊನೆಗೂ ಗೊತ್ತಾಗಲಿಲ್ಲ.

ನನಗೆ ತರೀಕೆರೆಗೆ ಮದುವೆಯಾಯಿತು. ಲೋಕಿ ಅಜ್ಜಂಪುರದಲ್ಲೇ ನಿಂತ. ಮೂಟೆ ಹೊತ್ತ, ತೂಗಿದ, ಆಮೇಲೆ ಮಂಡಿ ನೋಡಿಕೊಂಡ. ಅವನ ಮನೆಯಲ್ಲಿ ಬಲ್ಬು ಬದಲಿಸಬೇಕಾದರೂ ಪಕ್ಕದ ಮನೆಯವರನ್ನು ಕರೆಯುತ್ತಾನೆ. ಅವನ ಹೆಂಡತಿ ನಾಗರತ್ನ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. "ನನ್ ಕೈ ಒಳ್ಳೇದಲ್ಲ ಕಣೇ, ಮುಟ್ಟಿದ್ರೆ ಕೆಡ್ತದೆ," ಎಂದು ಅವನೂ ನಗುತ್ತಾನೆ. ನಾನೂ ಎಷ್ಟೋ ಸಲ ಆ ನಗುವಿನಲ್ಲಿ ಸೇರಿಕೊಂಡಿದ್ದೇನೆ. ಅಪ್ಪ ಕೊನೆಯ ದಿನಗಳಲ್ಲಿ ನನ್ನ ಮನೆಯಲ್ಲಿದ್ದ. ಲೋಕಿ ನೋಡಲು ಬಂದು ಹೋದ ಮೇಲೆ ಒಮ್ಮೆ, ಹುಡುಗನ ಬೆರಳು ಚೆನ್ನಾಗಿತ್ತು, ಹೇಗೆ ಕೆಟ್ಟಿತೋ ಎಂದ. ಅವತ್ತೂ ನಾನು ಗಂಜಿಯ ಲೋಟ ಅವನ ಬಾಯಿಗೆ ಹಿಡಿದೆನೇ ಹೊರತು ಮಾತಾಡಲಿಲ್ಲ.

ಹೋದ ತಿಂಗಳು ಅಜ್ಜಂಪುರಕ್ಕೆ ಹೋದೆ. ಬಾಗಿಲಲ್ಲಿ ನಿಂತು ಬೆಲ್ ಒತ್ತಿದೆ, ಸದ್ದಾಗಲಿಲ್ಲ. ಬಾಗಿಲು ಬಡಿದೆ. ನಾಗರತ್ನ ತೆರೆದು, ಅದು ಕೆಟ್ಟು ಆರು ತಿಂಗಳಾಯ್ತು ಅತ್ತಿಗೆ, ಇವರು ಮುಟ್ಟಲ್ಲ, ಇನ್ನೊಬ್ಬರು ಬರಲ್ಲ ಎಂದಳು. ಲೋಕಿ ಕುರ್ಚಿಯಲ್ಲಿ ಕೂತಿದ್ದ. ಸಕ್ಕರೆ ಕಾಯಿಲೆ ಅವನ ಕಾಲನ್ನು ಮರಗಟ್ಟಿಸಿ ಈಗ ಕೈಗೆ ಬಂದಿದೆ. ಕಾಫಿ ಲೋಟ ಬಿಸಿಯೋ ತಣ್ಣಗೋ ಎಂದು ಬೆರಳಿಗೆ ಗೊತ್ತಾಗುವುದಿಲ್ಲ, ಹೆಂಡತಿಯನ್ನು ಕೇಳುತ್ತಾನೆ. ಅದನ್ನು ನೋಡಿದ ಮೇಲೆ ಇನ್ನು ತಡೆಯಲಾಗಲಿಲ್ಲ.

"ಲೋಕಿ, ಆ ಮಿಷನ್ನಿನ ಸ್ವಿಚ್ಚು ಉಜ್ಜಿದ್ದು ನಾನು ಕಣೋ."

"ಯಾವ ಮಿಷನ್ನು?" ಎಂದ. ಆಮೇಲೆ ನಕ್ಕ. "ಬಿಡಕ್ಕ. ಯಾಕೀಗ ಅದೆಲ್ಲ. ಉಜ್ಜಿದ್ದು ನಾನೇ."

"ನೀನಲ್ಲ. ನೀವು ತರೀಕೆರೆಗೆ ಹೋದ ದಿನ."

"ಅಕ್ಕ, ನಂಗೆ ನೆನಪೈತೆ. ಅರದ ಪುಡಿ ಬೆರಳಿಗೆ ಹತ್ತಿದ್ದು, ಮೇಲಿನ್ ಸಾಲು ಬೆಳ್ಳಗಾಗಿದ್ದು, ಎಲ್ಲ ಕಣ್ಣಿಗೆ ಕಟ್ದಂಗೈತೆ. ನೀನ್ ಸಮಾಧಾನಕ್ಕೆ ಹೇಳ್ತಿದೀಯ."

ಅಪ್ಪನ ಒಂದು ಮಾತಿಗೆ ಹೂಂ ಎಂದವನು ಆ ಹೂಂ ಅನ್ನೇ ನಿಜವಾದ ನೆನಪಾಗಿಸಿಕೊಂಡು ಬದುಕಿದ್ದ. ನನಗೆ ಬೀಳಬೇಕಿದ್ದ ಏಟು ಮಾತ್ರ ಅವನಿಗೆ ಹೋಯಿತು ಅಂದುಕೊಂಡಿದ್ದೆ, ತಪ್ಪೂ ಹೋಗಿತ್ತು.

"ಅಪ್ಪನ ಅಂಗೈಲಿ ಒಂದು ಕಡ್ಡಿ ಇತ್ತಲ್ಲ," ಎಂದೆ.

ಅವನು ತಲೆ ಎತ್ತಿದ.

"ಪೊರಕೆ ಕಡ್ಡಿ. ಅದರ ತುದಿಗೆ ಉಪ್ಪುಕಾಗದ ಸುತ್ತಿಕೊಂಡಿದ್ದೆ. ಬೆರಳು ಹೋಗ್ತಿರ್ಲಿಲ್ಲ. ಮಧ್ಯದಲ್ಲಿ ಮುರೀತು, ಹುಡುಕ್ಲಿಲ್ಲ. ಹಬ್ಬಕ್ಕೆ ಫಳಫಳ ಅನ್ಲಿ ಅಂತ ಉಜ್ಜಿದೆ. ಹನ್ನೊಂದು."

ಅವನು ಎರಡು ಅಂಗೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಬೇರೆಯವರದ್ದನ್ನು ನೋಡುವಂತೆ ನೋಡುತ್ತಿದ್ದ.

"ಆ ಕಡ್ಡಿ ಎಲ್ಲಿಂದ ಬಂತು ಅಂತ," ಎಂದ ಕೊನೆಗೆ. "ಮಂಡೀಲಿ ಕಸ ಗುಡಿಸೋದು ಕಂಡಾಗೆಲ್ಲ ಅನ್ಕೊಂತಿದ್ದೆ." ಆಮೇಲೆ, "ಅಪ್ಪ ಇದ್ದಾಗ ಹೇಳ್ಬೇಕಿತ್ತಕ್ಕ," ಎಂದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಗೋಡೆ ಹಿಡಿದು ಎದ್ದು ಮೀಟರ್ ಬೋರ್ಡಿನ ಹತ್ತಿರ ಹೋದ. ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಫ್ಯಾನು ನಿಂತಿತು. ನಾಗರತ್ನ ಬಂದು ಬಾಗಿಲಲ್ಲಿ ನಿಂತಳು. ಅವನು ಸ್ಟೂಲು ಎಳೆದುಕೊಂಡು ಹೊರಗೆ ಬೆಲ್ಲಿನ ಗುಂಡಿಯ ಎದುರು ಕೂತು, ಚಾಕುವಿನ ತುದಿಯಿಂದ ಮುಚ್ಚಳದ ಸ್ಕ್ರೂ ಬಿಚ್ಚಿದ. ಒಳಗೆ ಎರಡು ತಗಡಿನ ಪಟ್ಟಿಗಳು. ಒಂದು ಬಾಗಿ ದೂರ ಸರಿದಿತ್ತು. ಕೈ ಚಾಚಿ, ಪತ್ರಿಕೆ ಕೊಡೇ ಎಂದ. ಯಾವ ಪತ್ರಿಕೆ ಎಂದು ನಾಗರತ್ನಳಿಗೆ ತಿಳಿಯಲಿಲ್ಲ. ನಾನು ಒಳಗೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಲಗ್ನಪತ್ರಿಕೆ ತಂದು, ಅರಿಶಿನದ ಮೂಲೆ ಹರಿದು ಕೊಟ್ಟೆ. ಅವನು ಅದನ್ನು ಪಟ್ಟಿಗಳ ನಡುವೆ ತೂರಿಸಿ ಎಳೆದ. ಎರಡನೆಯ ಸಲ ಕಣ್ಣು ಮುಚ್ಚಿ ಬೆರಳಿನಿಂದ ಪಟ್ಟಿ ತಟ್ಟಿದ. ಮತ್ತೆ ತಟ್ಟಿದ. ಕಣ್ಣು ತೆರೆದು ಬೆರಳು ನೋಡಿಕೊಂಡ. ಏನೂ ತಿಳಿಯುತ್ತಿರಲಿಲ್ಲ.

ತೊಡೆಯ ಮೇಲಿದ್ದ ಸ್ಕ್ರೂ ಜಾರಿ ಹೊಸ್ತಿಲ ಹತ್ತಿರ ಬಿತ್ತು. ಅವನು ಬಗ್ಗಿದ. ಬೆರಳುಗಳು ಅದರ ಮೇಲೆ ಹೋದವು, ತಾಕಿದವು, ತಾಕಿದ್ದು ಗೊತ್ತಾಗದೆ ಮುಂದೆ ಹೋದವು. ನಾನು ತಟ್ಟನೆ ಕೈ ಹಾಕಿದೆ.

"ಅಲ್ಲೇ ಇರ್ಲಿ ಬಿಡಕ್ಕ," ಎಂದ. "ನಾನೇ ಎತ್ಕೊಂತೀನಿ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.